ಮೇಲ್ಮನವಿಯಿಲ್ಲದ ಪೀಠಕ್ಕೆ ಏರಿದ ನ್ಯಾಯಾಧೀಶ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಹಗರಣವೊಂದರ ಬಗ್ಗೆ ಓದುವಾಗ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಬ ಫೆಡರಲ್ ನ್ಯಾಯಾಧೀಶರ ಹೆಸರು ಸಿಕ್ಕಿತು. ಹೈಸ್ಕೂಲನ್ನೂ ಮುಗಿಸದ ಇವರು ನ್ಯಾಯಾಧೀಶರಾದದ್ದು ಹೇಗೆ? ಇವರ ದೊಡ್ಡ ತೀರ್ಪುಗಳು ಮೇಲಿನ ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ ಎನ್ನುತ್ತಾರೆ, ನಿಜವೇ? ನ್ಯಾಯಪೀಠದಲ್ಲಿ ಇದ್ದುಕೊಂಡೇ ಬೇಸ್‌ಬಾಲ್ ಮಾಲೀಕರಿಂದ ಸಂಬಳ ಪಡೆಯಲು ಕಾನೂನು ಹೇಗೆ ಬಿಟ್ಟಿತು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಬೇರೆಬೇರೆಯಾಗಿ ಕಂಡರೂ ಒಂದಕ್ಕೊಂದು ಹೆಣೆದುಕೊಂಡಿವೆ. ಲ್ಯಾಂಡಿಸ್ ಅವರಿಗೆ ನ್ಯಾಯವೆಂದರೆ ತಮ್ಮ ಕಣ್ಣಿಗೆ ಕಂಡ ಸರಿ ತಪ್ಪು. ಕಾರ್ಯವಿಧಾನದ ನಿಯಮಗಳೆಂದರೆ ಆ ದಾರಿಯಲ್ಲಿ ಬಿದ್ದ ಕಲ್ಲುಮುಳ್ಳು. ಈ ಸ್ವಭಾವ ಎಲ್ಲಿಂದ ಬಂತು, ಮೇಲ್ಮನವಿಗೆ ಅವಕಾಶವಿದ್ದ ಪೀಠದಲ್ಲಿ ಅದು ಏನಾಯಿತು, ಮೇಲ್ಮನವಿಯೇ ಇಲ್ಲದ ಇನ್ನೊಂದು ಪೀಠದಲ್ಲಿ ಅದೇ ಸ್ವಭಾವ ಏನು ಮಾಡಿತು ಎಂಬುದನ್ನು ನೋಡಿದರೆ ಅವರ ಇಡೀ ಬದುಕು ಅರ್ಥವಾಗುತ್ತದೆ.

ಮೊದಲು ಆ ವಿಚಿತ್ರ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ವೈದ್ಯರಾಗಿದ್ದ ಏಬ್ರಹಾಂ ಲ್ಯಾಂಡಿಸ್ ಅವರು 1864ರ ಜೂನ್ 27ರಂದು ಜಾರ್ಜಿಯಾ ರಾಜ್ಯದ ಕೆನೆಸಾ ಬೆಟ್ಟದ ಕಾಳಗದಲ್ಲಿ ಕಾಲಿಗೆ ಪೆಟ್ಟು ತಿಂದಿದ್ದರು. 1866ರ ನವೆಂಬರ್ 20ರಂದು ಒಹಾಯೊ ರಾಜ್ಯದ ಮಿಲ್‌ವಿಲ್‌ನಲ್ಲಿ ಹುಟ್ಟಿದ ಮಗನಿಗೆ ಅವರು ಆ ಬೆಟ್ಟದ ಹೆಸರನ್ನೇ, ‘ಬೆಟ್ಟ’ ಎಂಬ ಪದವನ್ನೂ ಬಿಡದೆ, ಇಟ್ಟುಬಿಟ್ಟರು. ಕುಟುಂಬ ಇಂಡಿಯಾನಾ ರಾಜ್ಯಕ್ಕೆ ಹೋಗಿ ಲೋಗನ್ಸ್‌ಪೋರ್ಟ್‌ನಲ್ಲಿ ನೆಲೆಸಿತು. ಏಳು ಮಕ್ಕಳಲ್ಲಿ ಆರನೆಯವನಾದ ಈ ಹುಡುಗ ಹೈಸ್ಕೂಲನ್ನು ನಡುವೆಯೇ ಬಿಟ್ಟು, ಜಾತ್ರೆಗಳಲ್ಲಿ ಸೈಕಲ್ ಪಂದ್ಯ ಓಡಿ, ಶೀಘ್ರಲಿಪಿ ಕಲಿತು, ಅಲ್ಲಿನ ಕೌಂಟಿ ನ್ಯಾಯಾಲಯದಲ್ಲಿ ನಡಾವಳಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ. ಸಾಕ್ಷಿ ಹೇಗೆ ತಡವರಿಸುತ್ತಾನೆ, ವಕೀಲ ಹೇಗೆ ಗದರುತ್ತಾನೆ, ನೆರೆದ ಜನ ಯಾವ ಮಾತಿಗೆ ತಲೆಯೆತ್ತುತ್ತಾರೆ ಎಂಬುದನ್ನು ಅಕ್ಷರಶಃ ಬರೆದುಕೊಂಡು ಕಲಿತದ್ದು ಅಲ್ಲಿಯೇ. ಮುಂದೆ ಅವರ ನ್ಯಾಯಾಲಯ ಒಂದು ರಂಗಮಂದಿರದಂತೆ ಇತ್ತು ಎಂದು ಹಲವರು ಬರೆದಿದ್ದಾರೆ. ಅದರ ತಾಲೀಮು ಈ ಕಾಲದ್ದೆಂದು ನನಗನ್ನಿಸುತ್ತದೆ.

ವಕೀಲರಾಗಲು ಓದು ಬೇಡವಾಗಿತ್ತೇ ಎಂದು ನೀವು ಕೇಳಬಹುದು. ಇಂಡಿಯಾನಾದಲ್ಲಿ ಬೇಡವಾಗಿತ್ತು. ಆ ರಾಜ್ಯದ 1851ರ ಸಂವಿಧಾನವು ಮತದಾನದ ಹಕ್ಕುಳ್ಳ, ಒಳ್ಳೆಯ ನಡತೆಯ ಯಾರಿಗೇ ಆಗಲಿ ವಕೀಲಿಕೆ ಮಾಡುವ ಹಕ್ಕು ಕೊಟ್ಟಿತ್ತು. 1889ರಲ್ಲಿ ಲ್ಯಾಂಡಿಸ್ ಆ ದಾರಿಯಲ್ಲಿ ಸನ್ನದು ಪಡೆದರು. ಕಕ್ಷಿದಾರರು ಹೆಚ್ಚು ಬಾರದಿದ್ದಾಗ ಓದಿನ ಕೊರತೆ ಅವರಿಗೇ ಕಂಡಿರಬೇಕು. ಮೊದಲು ಸಿನ್ಸಿನಾಟಿಯಲ್ಲಿ, ಆಮೇಲೆ ಷಿಕಾಗೋದ ಯೂನಿಯನ್ ಲಾ ಸ್ಕೂಲ್‌ನಲ್ಲಿ ಕಾನೂನು ಓದಿ 1891ರಲ್ಲಿ ಪದವಿ ಪಡೆದರು. ಹೀಗಾಗಿ ‘ಹೈಸ್ಕೂಲನ್ನೂ ಮುಗಿಸದವರು’ ಎಂಬ ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಮಾತು.

1893ರಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾದ ವಾಲ್ಟರ್ ಗ್ರೆಶಮ್, ಯುದ್ಧಕಾಲದಲ್ಲಿ ಲ್ಯಾಂಡಿಸ್ ಅವರ ತಂದೆಯ ಮೇಲಧಿಕಾರಿಯಾಗಿದ್ದವರು. ಆ ಹಳೆಯ ಪರಿಚಯದಿಂದ ಲ್ಯಾಂಡಿಸ್, ಗ್ರೆಶಮ್ ಅವರ ಆಪ್ತ ಕಾರ್ಯದರ್ಶಿಯಾಗಿ ವಾಷಿಂಗ್ಟನ್‌ಗೆ ಹೋದರು. 1895ರಲ್ಲಿ ಗ್ರೆಶಮ್ ತೀರಿಕೊಂಡಾಗ ವೆನೆಜುವೆಲಾಕ್ಕೆ ರಾಯಭಾರಿಯಾಗಿ ಹೋಗುವ ಅವಕಾಶ ಬಂದರೂ ಒಪ್ಪದೆ ಷಿಕಾಗೋಕ್ಕೆ ಮರಳಿ, ಅದೇ ವರ್ಷ ವಿನಿಫ್ರೆಡ್ ರೀಡ್ ಅವರನ್ನು ಮದುವೆಯಾಗಿ, ವಕೀಲಿಕೆ ಹಿಡಿದರು. ಅವರ ಸಹೋದರರಾದ ಚಾರ್ಲ್ಸ್ ಮತ್ತು ಫ್ರೆಡರಿಕ್ ಇಬ್ಬರೂ ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿಬಂದವರು. ಲ್ಯಾಂಡಿಸ್ ಸ್ವತಃ ಇಲಿನಾಯ್ ರಾಜ್ಯದ ಪ್ರಭಾವಿ ಮುಖಂಡ ಫ್ರಾಂಕ್ ಲೌಡನ್ ಅವರ 1904ರ ಪ್ರಚಾರವನ್ನು ನಡೆಸಿಕೊಟ್ಟಿದ್ದರು. ಲೌಡನ್ ಸೋತರು, ಆದರೆ ಆ ದುಡಿಮೆ ವ್ಯರ್ಥವಾಗಲಿಲ್ಲ. 1905ರ ಮಾರ್ಚ್ 18ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಲ್ಯಾಂಡಿಸ್ ಅವರ ಹೆಸರನ್ನು ಕಳಿಸಿದರು; ಸೆನೆಟ್ ಅದೇ ದಿನ ಒಪ್ಪಿಗೆ ಕೊಟ್ಟಿತು. ಆಗ ಅವರ ವಯಸ್ಸು 38. ಪರೀಕ್ಷೆಯಾಗಲಿ ಕೆಳ ನ್ಯಾಯಾಲಯದ ಅನುಭವವಾಗಲಿ ಈ ಹುದ್ದೆಗೆ ಇಂದಿಗೂ ಸಂವಿಧಾನ ಕೇಳುವುದಿಲ್ಲ.

ಇಲ್ಲಿ ಒಂದು ವಿವರಣೆ ಅಗತ್ಯ. ಅವರಿದ್ದದ್ದು ಉತ್ತರ ಇಲಿನಾಯ್‌ನ ಅಮೆರಿಕ ಸಂಯುಕ್ತ ಸಂಸ್ಥಾನದ ಜಿಲ್ಲಾ ನ್ಯಾಯಾಲಯದಲ್ಲಿ. ‘ಜಿಲ್ಲಾ’ ಎಂದ ಮಾತ್ರಕ್ಕೆ ಅದನ್ನು ನಮ್ಮ ಜಿಲ್ಲಾ ನ್ಯಾಯಾಲಯದಂತೆ ತಿಳಿಯಬಾರದು. ಭಾರತದಲ್ಲಿ ತಾಲ್ಲೂಕಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಮೆರಿಕದಲ್ಲಿ ರಾಜ್ಯದ ಏಣಿ ಬೇರೆ, ಒಕ್ಕೂಟದ ಏಣಿ ಬೇರೆ. ಒಕ್ಕೂಟದ ಕಾನೂನುಗಳನ್ನು ಮುರಿದ ಮೊಕದ್ದಮೆಗಳು ಮೊದಲು ಬರುವುದು ಈ ಫೆಡರಲ್ ಜಿಲ್ಲಾ ನ್ಯಾಯಾಧೀಶರ ಮುಂದೆ, ಅಲ್ಲಿಂದ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಸಂವಿಧಾನದ ಮೂರನೆಯ ವಿಧಿಯ ಪ್ರಕಾರ ಇವರು ಸನ್ನಡತೆಯಿರುವ ತನಕ, ಎಂದರೆ ಬಹುಮಟ್ಟಿಗೆ ಜೀವಮಾನಪರ್ಯಂತ, ಹುದ್ದೆಯಲ್ಲಿರಬಹುದು. ತೆಗೆಯಬೇಕೆಂದರೆ ಸಂಸತ್ತು ವಾಗ್ದಂಡನೆಯನ್ನೇ ನಡೆಸಬೇಕು. ನಿಮ್ಮ ಮೂರನೆಯ ಪ್ರಶ್ನೆಗೆ ಈ ಅಂಶ ಬೇಕಾಗುತ್ತದೆ.

ಲ್ಯಾಂಡಿಸ್ ಹೆಸರು ಮನೆಮಾತಾದದ್ದು ಸ್ಟ್ಯಾಂಡರ್ಡ್ ಆಯಿಲ್ ಮೊಕದ್ದಮೆಯಿಂದ. ಆ ಕಾಲದಲ್ಲಿ ದೊಡ್ಡ ಕಂಪನಿಗಳಿಗೆ ರೈಲ್ವೆಗಳು ಪ್ರಕಟಿತ ದರಕ್ಕಿಂತ ಕಡಿಮೆಗೆ ಗುಟ್ಟಾಗಿ ಸರಕು ಸಾಗಿಸಿಕೊಡುತ್ತಿದ್ದವು. ಸಣ್ಣ ವ್ಯಾಪಾರಿಗಳು ಅದರಿಂದಲೇ ನೆಲಕಚ್ಚುತ್ತಿದ್ದರು. 1903ರ ಎಲ್ಕಿನ್ಸ್ ಕಾಯ್ದೆ ಈ ರಿಯಾಯಿತಿಗಳನ್ನು ಅಪರಾಧವೆಂದು ಸಾರಿತು. ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ಷಿಕಾಗೊ ಅಂಡ್ ಆಲ್ಟನ್ ರೈಲ್ವೆಯಲ್ಲಿ, 100 ಪೌಂಡ್‌ಗೆ 18 ಸೆಂಟ್ ಇದ್ದ ಪ್ರಕಟಿತ ದರದ ಬದಲು 6 ಸೆಂಟಿನಂತೆ ಎಣ್ಣೆ ಸಾಗಿಸಿತೆಂಬುದು ಆರೋಪ. ಜ್ಯೂರಿ, ಎಂದರೆ ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿ, ಕಂಪನಿಯನ್ನು 1,462 ಅಪರಾಧಗಳಲ್ಲಿ ತಪ್ಪಿತಸ್ಥ ಎಂದಿತು. ಶಿಕ್ಷೆ ನಿಗದಿಪಡಿಸುವ ಮುನ್ನ ಲ್ಯಾಂಡಿಸ್ ಅವರು ಕಂಪನಿಯ ಆಸ್ತಿಯ ಲೆಕ್ಕ ಬೇಕೆಂದು ಸ್ಟ್ಯಾಂಡರ್ಡ್ ಆಯಿಲ್ ಸಮೂಹದ ಒಡೆಯ ಜಾನ್ ಡಿ. ರಾಕ್‌ಫೆಲರ್ ಅವರಿಗೇ ಸಮನ್ಸ್ ಹೊರಡಿಸಿದರು. 1907ರ ಜುಲೈ 6ರಂದು ಜಗತ್ತಿನ ಅತಿ ದೊಡ್ಡ ಶ್ರೀಮಂತ ಷಿಕಾಗೋದ ಕಟಕಟೆಯಲ್ಲಿ ಕುಳಿತರು. ಅವರ ಬಾಯಿಂದ ಹೊರಟ ಮಾಹಿತಿ ಅತ್ಯಲ್ಪ, ಆದರೆ ಅವರನ್ನು ಅಲ್ಲಿ ಕೂರಿಸಿದ್ದೇ ದೊಡ್ಡ ಸುದ್ದಿ. ಆಗಸ್ಟ್ 3ರಂದು ಲ್ಯಾಂಡಿಸ್ ಪ್ರತಿ ಅಪರಾಧಕ್ಕೂ ಕಾಯ್ದೆಯ ಗರಿಷ್ಠ ದಂಡವಾದ 20,000 ಡಾಲರ್ ವಿಧಿಸಿದರು. ಒಟ್ಟು 2,92,40,000 ಡಾಲರ್.

ಈ ಮೊತ್ತ ಕೇಳಿ ದೇಶವೇ ಬೆರಗಾಯಿತು. ಲ್ಯಾಂಡಿಸ್ ಸತ್ತು ಎಷ್ಟೋ ಕಾಲವಾದ ಮೇಲೆ ಈ ದಂಡ ಪಾವತಿಯಾದೀತು ಎಂದು ರಾಕ್‌ಫೆಲರ್ ಹೇಳಿದರೆಂಬುದು ಆಗಿನಿಂದ ಹರಿದಾಡುತ್ತಿರುವ ಮಾತು. ಪಾವತಿಯಂತೂ ಆಗಲೇ ಇಲ್ಲ. 1908ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಪೀಟರ್ ಗ್ರಾಸ್‌ಕಪ್ ಈ ತೀರ್ಪನ್ನು ಬಿಡಿಬಿಡಿಯಾಗಿ ಕಳಚಿಹಾಕಿದರು. ಪ್ರತಿ ವ್ಯಾಗನ್ನನ್ನೂ ಒಂದೊಂದು ಅಪರಾಧವೆಂದು ಎಣಿಸಿದ್ದು ತಪ್ಪು ಎಂದರು. ನಿಜವಾದ ಪ್ರಕಟಿತ ದರ ಕಂಪನಿಗೆ ತಿಳಿದಿತ್ತೇ ಎಂಬುದನ್ನು ತೋರಿಸಲು ಪ್ರತಿವಾದಿಗೆ ಬಿಡದಿದ್ದದ್ದು ತಪ್ಪು ಎಂದರು. ಎಲ್ಲಕ್ಕಿಂತ ಗಂಭೀರವಾದದ್ದು ಮೂರನೆಯದು. ವಿಚಾರಣೆಗೆ ಒಳಗಾದ ಇಂಡಿಯಾನಾ ಕಂಪನಿಯ ಷೇರು ಬಂಡವಾಳ ಕೇವಲ 10 ಲಕ್ಷ ಡಾಲರ್. ಲ್ಯಾಂಡಿಸ್ ದಂಡ ಹಾಕಿದ್ದು ನ್ಯಾಯಾಲಯದ ಮುಂದೆ ಇಲ್ಲದಿದ್ದ ನ್ಯೂಜೆರ್ಸಿಯ ತಾಯಿ ಕಂಪನಿಯ ಸಂಪತ್ತು ನೋಡಿ. ಆರೋಪಿಯಲ್ಲದವನನ್ನು ದಂಡಿಸುವ ನ್ಯಾಯ ಯಾವುದು ಎಂಬುದು ಗ್ರಾಸ್‌ಕಪ್ ಅವರ ಪ್ರಶ್ನೆಯ ಸಾರ. ಮರುವಿಚಾರಣೆ ಬೇರೆ ನ್ಯಾಯಾಧೀಶರ ಮುಂದೆ ನಡೆದು 1909ರಲ್ಲಿ ಕಂಪನಿ ಖುಲಾಸೆಯಾಯಿತು. ಆದರೆ ಪತ್ರಿಕೆ ಓದುವ ಸಾಮಾನ್ಯ ಜನರ ನೆನಪಿನಲ್ಲಿ ಉಳಿದದ್ದು ದಂಡ ಹಾಕಿದ ದಿನವೇ ಹೊರತು ಅದು ಬಿದ್ದುಹೋದ ದಿನವಲ್ಲ. ಲ್ಯಾಂಡಿಸ್ ಅವರಿಗೆ ಆ ಸೋಲಿನಿಂದ ನಷ್ಟವೇನೂ ಆಗಲಿಲ್ಲ. ನನ್ನ ಅಂದಾಜಿನಲ್ಲಿ, ಅವರು ಕಲಿಯಬೇಕಿದ್ದ ಪಾಠವನ್ನು ಕಲಿಯದೆ ಹೋದದ್ದು ಇದರಿಂದಲೇ.

ಮೊದಲನೆಯ ಮಹಾಯುದ್ಧ ಬಂದಾಗ ಈ ಸ್ವಭಾವದ ಇನ್ನೊಂದು ಮುಖ ಕಾಣಿಸಿತು. 1917ರ ಸೆಪ್ಟೆಂಬರ್‌ನಲ್ಲಿ ಸರ್ಕಾರವು ‘ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್’ ಎಂಬ ಕಾರ್ಮಿಕ ಸಂಘಟನೆಯ ಕಚೇರಿಗಳ ಮೇಲೆ ದೇಶದಾದ್ಯಂತ ದಾಳಿ ನಡೆಸಿ, ಯುದ್ಧಕ್ಕೆ ಅಡ್ಡಿಪಡಿಸುವ ಸಂಚಿನ ಆರೋಪ ಹೊರಿಸಿತು. 1918ರ ಏಪ್ರಿಲ್ 1ರಂದು ಲ್ಯಾಂಡಿಸ್ ಮುಂದೆ ಆರಂಭವಾದ ವಿಚಾರಣೆಯಲ್ಲಿ ಸುಮಾರು 100 ಮಂದಿ ಆರೋಪಿಗಳು ಒಟ್ಟಿಗೆ ಕುಳಿತಿದ್ದರು. ವಿಚಾರಣೆಯ ವೇಳೆ ಅವರು ಆರೋಪಿಗಳನ್ನು ಸೌಜನ್ಯದಿಂದ ನಡೆಸಿಕೊಂಡರೆಂಬುದನ್ನು ಟೀಕಾಕಾರರೂ ಒಪ್ಪುತ್ತಾರೆ: ನ್ಯಾಯಾಧೀಶರ ನಿಲುವಂಗಿ ತೊಡದೆ ಸಾಮಾನ್ಯ ಉಡುಪಿನಲ್ಲೇ ಬರುತ್ತಿದ್ದರು, ಸೆಖೆಯ ದಿನಗಳಲ್ಲಿ ಎಲ್ಲರಿಗೂ ಕೋಟು ಕಳಚಿ ಕೂರಲು ಬಿಡುತ್ತಿದ್ದರು. ಆಗಸ್ಟ್ 17ರಂದು ಜ್ಯೂರಿ ಒಂದು ಗಂಟೆಯೊಳಗೆ ಎಲ್ಲರನ್ನೂ ತಪ್ಪಿತಸ್ಥರೆಂದಿತು. ನಾಲ್ಕು ತಿಂಗಳ ಸಾಕ್ಷ್ಯ, ನೂರು ಜನರ ಬದುಕು, ಒಂದು ಗಂಟೆ! ಆಗಸ್ಟ್ 30ರಂದು ಸೌಜನ್ಯದ ಕಾಲ ಮುಗಿಯಿತು. ನಾಯಕ ಬಿಲ್ ಹೇವುಡ್ ಮತ್ತು ಇನ್ನು 14 ಮಂದಿಗೆ 20 ವರ್ಷ, 33 ಮಂದಿಗೆ 10 ವರ್ಷ, ಉಳಿದವರಿಗೆ ಅದಕ್ಕಿಂತ ಕಡಿಮೆ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಕೆಲವು ಆರೋಪಗಳು ಬಿದ್ದರೂ ಸೆರೆವಾಸದ ಶಿಕ್ಷೆ ಉಳಿಯಿತು. ಆದ್ದರಿಂದ ಅವರ ತೀರ್ಪುಗಳೆಲ್ಲ ಮೇಲೆ ಬಿದ್ದುಹೋದವು ಎಂದರೆ ತಪ್ಪಾಗುತ್ತದೆ. ಹೇವುಡ್ ಜಾಮೀನು ಮುರಿದು 1921ರಲ್ಲಿ ಸೋವಿಯತ್ ರಷ್ಯಾಕ್ಕೆ ಓಡಿಹೋಗಿ 1928ರಲ್ಲಿ ಅಲ್ಲೇ ತೀರಿಕೊಂಡರು. ಜೈಲಿನಲ್ಲಿ ಉಳಿದಿದ್ದವರನ್ನು 1923ರ ಕೊನೆಗೆ ಅಧ್ಯಕ್ಷ ಕೂಲಿಡ್ಜ್ ಬಿಡುಗಡೆ ಮಾಡಿದರು.

ವಿಕ್ಟರ್ ಬರ್ಗರ್ ಪ್ರಕರಣವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾನೂನು ವಿದ್ಯಾರ್ಥಿಗಳು ಇಂದಿಗೂ ಲ್ಯಾಂಡಿಸ್ ಹೆಸರನ್ನು ಕೇಳುವುದು ಇದರಲ್ಲಿಯೇ. ಬರ್ಗರ್ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ಪತ್ರಿಕೆ ನಡೆಸುತ್ತಿದ್ದ ಸಮಾಜವಾದಿ. ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿಬಂದ ಮೊದಲ ಸಮಾಜವಾದಿ ಅವರೇ. ಯುದ್ಧವನ್ನು ವಿರೋಧಿಸಿ ಬರೆದದ್ದಕ್ಕೆ ಅವರ ಮೇಲೂ ಇನ್ನು ನಾಲ್ವರ ಮೇಲೂ ಬೇಹುಗಾರಿಕೆ ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ವಿಚಾರಣೆಗೆ ಮುನ್ನ ಈ ಐವರೂ ಒಂದು ಅಫಿಡವಿಟ್ ಸಲ್ಲಿಸಿದರು. ಜರ್ಮನ್ ಮೂಲದ ಅಮೆರಿಕನ್ನರ ಹೃದಯಗಳು ದೇಶದ್ರೋಹದಿಂದ ನಾರುತ್ತಿವೆ ಎಂಬರ್ಥದ ಮಾತುಗಳನ್ನು ಲ್ಯಾಂಡಿಸ್ ಆಡಿದ್ದಾರೆ, ಹೀಗಾಗಿ ಇವರ ಮುಂದೆ ತಮಗೆ ನಿಷ್ಪಕ್ಷಪಾತ ವಿಚಾರಣೆ ಸಿಗದು, ಬೇರೆ ನ್ಯಾಯಾಧೀಶರನ್ನು ಕೊಡಿ ಎಂದು ಕೇಳಿದರು. ಲ್ಯಾಂಡಿಸ್ ಆ ಮನವಿಯನ್ನು ತಾವೇ ತಳ್ಳಿಹಾಕಿ, ತಾವೇ ವಿಚಾರಣೆ ನಡೆಸಿ, 1919ರ ಫೆಬ್ರವರಿ 20ರಂದು ಐವರಿಗೂ 20 ವರ್ಷ ಸೆರೆವಾಸ ವಿಧಿಸಿದರು. ಈ ನಡುವೆ 1918ರ ನವೆಂಬರ್‌ನಲ್ಲಿ ಮಿಲ್ವಾಕಿಯ ಮತದಾರರು ಬರ್ಗರ್ ಅವರನ್ನು ಮತ್ತೆ ಆರಿಸಿದ್ದರು. ಸಭೆ ಅವರಿಗೆ ಆಸನ ಕೊಡಲಿಲ್ಲ. ಮರುಚುನಾವಣೆಯಲ್ಲೂ ಅವರೇ ಗೆದ್ದರು. ಸಭೆ ಮತ್ತೆ ನಿರಾಕರಿಸಿತು.

1911ರ ನ್ಯಾಯಾಂಗ ಸಂಹಿತೆಯ ಒಂದು ಕಲಮಿನ ಮೇಲೆ ಇಡೀ ವಾದ ನಿಂತಿತ್ತು. ನ್ಯಾಯಾಧೀಶರಿಗೆ ಪೂರ್ವಗ್ರಹವಿದೆ ಎಂದು ಕಕ್ಷಿದಾರ ಕಾರಣಸಹಿತ ಅಫಿಡವಿಟ್ ಕೊಟ್ಟರೆ ಆ ನ್ಯಾಯಾಧೀಶರು ಪ್ರಕರಣದಿಂದ ಹಿಂದೆ ಸರಿಯಬೇಕು ಎಂದು ಅದು ಹೇಳುತ್ತಿತ್ತು. ಹಾಗಾದರೆ ಅಫಿಡವಿಟ್‌ನಲ್ಲಿ ಇರುವುದು ಸತ್ಯವೋ ಸುಳ್ಳೋ ಎಂದು ನಿರ್ಧರಿಸುವವರು ಯಾರು? ಆಪಾದನೆಗೆ ಗುರಿಯಾದ ನ್ಯಾಯಾಧೀಶರೇ ನಿರ್ಧರಿಸುವುದಾದರೆ ಆ ಕಲಮಿನಿಂದ ಏನು ಪ್ರಯೋಜನ? 1921ರ ಜನವರಿ 31ರಂದು ಸುಪ್ರೀಂ ಕೋರ್ಟು ಆರು ಮೂರರ ಬಹುಮತದಿಂದ ಉತ್ತರ ಕೊಟ್ಟಿತು: ಹೇಳಿದ ಕಾರಣಗಳು ಕಾನೂನಿನ ದೃಷ್ಟಿಯಲ್ಲಿ ಸಾಕೇ ಎಂಬುದನ್ನಷ್ಟೇ ನ್ಯಾಯಾಧೀಶರು ನೋಡಬಹುದು, ಅವು ನಿಜವೇ ಎಂಬುದನ್ನಲ್ಲ, ಸಾಕಾಗಿದ್ದರೆ ಕೂಡಲೇ ಪೀಠ ಬಿಡಬೇಕು. ನ್ಯಾಯಮೂರ್ತಿ ಜೋಸೆಫ್ ಮೆಕೆನ್ನಾ ಬರೆದ ಈ ತೀರ್ಪಿನಿಂದ ಐವರ ಶಿಕ್ಷೆಯೂ ರದ್ದಾಯಿತು. ಸರ್ಕಾರ ಆಮೇಲೆ ಮೊಕದ್ದಮೆಯನ್ನೇ ಕೈಬಿಟ್ಟಿತು. 1922ರಲ್ಲಿ ಮತ್ತೆ ಗೆದ್ದ ಬರ್ಗರ್ ಈ ಸಲ ಸಭೆಯೊಳಗೆ ಹೋಗಿ ಕುಳಿತರು.

ಈ ತೀರ್ಪು ಬಂದ ಎರಡನೆಯ ದಿನ, ಫೆಬ್ರವರಿ 2ರಂದು, ಒಹಾಯೊದ ಪ್ರತಿನಿಧಿ ಬೆಂಜಮಿನ್ ವೆಲ್ಟಿ ಅವರು ಲ್ಯಾಂಡಿಸ್ ವಿರುದ್ಧ ವಾಗ್ದಂಡನೆಯ ನಿರ್ಣಯ ಮಂಡಿಸಿದರು. ಅದಕ್ಕೆ ಕಾರಣ ಬೇಸ್‌ಬಾಲ್.

ಇದರ ಬೇರು 1915ರಲ್ಲಿದೆ. ಎರಡು ದೊಡ್ಡ ಬೇಸ್‌ಬಾಲ್ ಲೀಗುಗಳಿಗೆ ಸ್ಪರ್ಧಿಯಾಗಿ ಹುಟ್ಟಿದ ಫೆಡರಲ್ ಲೀಗ್, ಅವುಗಳ ಏಕಸ್ವಾಮ್ಯದ ವಿರುದ್ಧ ಜನವರಿಯಲ್ಲಿ ಲ್ಯಾಂಡಿಸ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಸ್ಟ್ಯಾಂಡರ್ಡ್ ಆಯಿಲ್‌ಗೆ ದಂಡ ಹಾಕಿದವರು ಇಲ್ಲಿಯೂ ಏಕಸ್ವಾಮ್ಯ ಮುರಿದಾರು ಎಂಬುದು ಆ ಲೀಗಿನವರ ಲೆಕ್ಕ. ಆದರೆ ಲ್ಯಾಂಡಿಸ್ ಆಟದ ಕಟ್ಟಾ ಅಭಿಮಾನಿ. ವಾದ ಕೇಳಿದವರು ತೀರ್ಪನ್ನೇ ಕೊಡದೆ ಸುಮಾರು ಒಂದು ವರ್ಷ ಸುಮ್ಮನೆ ಕುಳಿತರು. ಹಣ ಕರಗಿದ ಫೆಡರಲ್ ಲೀಗ್ ಡಿಸೆಂಬರ್‌ನಲ್ಲಿ ರಾಜಿ ಮಾಡಿಕೊಂಡಿತು. ತುರ್ತು ಪರಿಹಾರ ಕೇಳಿ ಬಂದವರಿಗೆ ಮೌನವೇ ತೀರ್ಪಾದಂತಾಯಿತು. ನನ್ನ ದೃಷ್ಟಿಯಲ್ಲಿ ಇದು ಅವರ ಯಾವ ಕಠೋರ ಶಿಕ್ಷೆಗಿಂತಲೂ ದೊಡ್ಡ ಲೋಪ, ಏಕೆಂದರೆ ಕೊಟ್ಟ ತೀರ್ಪನ್ನು ಮೇಲಿನವರು ತಿದ್ದಬಹುದು, ಕೊಡದ ತೀರ್ಪನ್ನು ತಿದ್ದಲು ಬರುವುದಿಲ್ಲ.

1920ರ ಶರತ್ಕಾಲದಲ್ಲಿ ಆ ಲೀಗುಗಳಿಗೇ ಸಂಕಟ ಬಂತು. ಎರಡು ಲೀಗುಗಳ ವಿಜೇತ ತಂಡಗಳ ನಡುವಣ ಅಂತಿಮ ಸರಣಿಯಾದ ಹಿಂದಿನ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಆಟಗಾರರು ಜೂಜುಕೋರರಿಂದ ಹಣ ಪಡೆದು ಸಿನ್ಸಿನಾಟಿ ತಂಡಕ್ಕೆ ಬೇಕೆಂದೇ ಸೋತರೆಂಬ ಆರೋಪ ಹೊರಬಿತ್ತು. ಆಟದ ಮಾನ ಉಳಿಸಲು ಜನ ನಂಬುವಂಥ ಹೊರಗಿನ ವ್ಯಕ್ತಿ ಬೇಕಾಗಿ, ನವೆಂಬರ್ 12ರಂದು ತಂಡಗಳ ಮಾಲೀಕರು ಲ್ಯಾಂಡಿಸ್ ಅವರ ನ್ಯಾಯಾಲಯಕ್ಕೇ ಬಂದರು. ವಿಚಾರಣೆ ನಡೆಯುತ್ತಿತ್ತು, ಗದ್ದಲ ಮಾಡಿದ ಆ ಕೋಟ್ಯಧಿಪತಿಗಳನ್ನು ಲ್ಯಾಂಡಿಸ್ ಸುತ್ತಿಗೆ ಬಡಿದು ಸುಮ್ಮನಾಗಿಸಿ, ಕೆಲಸ ಮುಗಿಯುವ ತನಕ ಕಾಯಿಸಿದರು. ವರ್ಷಕ್ಕೆ 50,000 ಡಾಲರ್ ಸಂಬಳದ, ಇಡೀ ಆಟದ ಮೇಲ್ವಿಚಾರಣೆಯ ಕಮಿಷನರ್ ಹುದ್ದೆಯನ್ನು ಅವರು ಒಪ್ಪಿದ್ದು ಎರಡು ಷರತ್ತಿನ ಮೇಲೆ. ನ್ಯಾಯಾಧೀಶರಾಗಿಯೂ ಮುಂದುವರಿಯುವುದು ಒಂದು. ಅದಕ್ಕಾಗಿ ತಮ್ಮ ಸರ್ಕಾರಿ ಸಂಬಳವಾದ 7,500 ಡಾಲರನ್ನು ಕಳೆದು 42,500 ಮಾತ್ರ ಪಡೆಯುವುದಾಗಿ ಹೇಳಿದರು. ಇನ್ನೊಂದು, ಪರಮಾಧಿಕಾರ: ಅವರ ನಿರ್ಣಯದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕನ್ನೇ ಮಾಲೀಕರು ಬಿಟ್ಟುಕೊಟ್ಟರು. ಹದಿನೈದು ವರ್ಷ ಮೇಲಿನವರಿಂದ ತಿದ್ದಿಸಿಕೊಂಡ ನ್ಯಾಯಾಧೀಶರೊಬ್ಬರು ಈ ಷರತ್ತನ್ನು ಕೇಳಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಕಾನೂನು ಹೇಗೆ ಬಿಟ್ಟಿತು ಎಂದರೆ, ತಡೆಯುವ ಕಾನೂನೇ ಇರಲಿಲ್ಲ. ಫೆಡರಲ್ ನ್ಯಾಯಾಧೀಶರು ಹೊರಗಿನ ಸಂಬಳ ಪಡೆಯಬಾರದೆಂದು ಆಗ ಎಲ್ಲಿಯೂ ಬರೆದಿರಲಿಲ್ಲ. ವಾಗ್ದಂಡನೆಗೆ ‘ಘೋರ ಅಪರಾಧ ಅಥವಾ ದುರ್ವರ್ತನೆ’ ಬೇಕು. 1913ರಲ್ಲಿ ಪದಚ್ಯುತರಾದ ನ್ಯಾಯಾಧೀಶ ರಾಬರ್ಟ್ ಆರ್ಚ್‌ಬಾಲ್ಡ್ ತಮ್ಮ ಮುಂದೆ ಮೊಕದ್ದಮೆಯಿದ್ದ ರೈಲ್ವೆ ಕಂಪನಿಗಳೊಡನೆ ವ್ಯವಹಾರ ನಡೆಸಿದ್ದರು. ಲ್ಯಾಂಡಿಸ್ ಮುಂದೆ ಬೇಸ್‌ಬಾಲ್ ಮೊಕದ್ದಮೆ ಆಗ ಯಾವುದೂ ಇರಲಿಲ್ಲ, 1915ರ ದಾವೆ ಮುಗಿದ ಕಥೆ. ಸದನದ ನ್ಯಾಯಾಂಗ ಸಮಿತಿ ತನಿಖೆಗೆ ಒಪ್ಪಿದರೂ, ಮಾರ್ಚ್ 4ರಂದು ವೆಲ್ಟಿ ಅವರ ಅವಧಿಯೇ ಮುಗಿದು ವಿಷಯ ತಣ್ಣಗಾಯಿತು. ಹೊರಗಿನ ಉದ್ಯೋಗವನ್ನು ನಿಷೇಧಿಸುವ ಮಸೂದೆಯೊಂದು ಆ ಬೇಸಿಗೆಯಲ್ಲಿ ಸೆನೆಟ್‌ನಲ್ಲಿ ಸಮಸಮ ಮತ ಬಿದ್ದು ಸೋತಿತು. ಅಷ್ಟರಲ್ಲಿ ಲ್ಯಾಂಡಿಸ್ ಇನ್ನೊಂದು ವಿವಾದ ಎಳೆದುಕೊಂಡಿದ್ದರು: 96,500 ಡಾಲರ್ ಲಪಟಾಯಿಸಿ ತಪ್ಪೊಪ್ಪಿಕೊಂಡ ಬ್ಯಾಂಕಿನ ಎಳೆಯ ಗುಮಾಸ್ತನೊಬ್ಬನನ್ನು, ಅವನಿಗೆ ತೀರ ಕಡಿಮೆ ಸಂಬಳ ಕೊಟ್ಟ ಬ್ಯಾಂಕಿನದೇ ತಪ್ಪೆಂದು ಬೈದು, ತಾಯಿಯ ಜೊತೆ ಮನೆಗೆ ಕಳಿಸಿದರು. 1921ರ ಸೆಪ್ಟೆಂಬರ್ 1ರಂದು ಅಮೆರಿಕನ್ ಬಾರ್ ಅಸೋಸಿಯೇಷನ್ ಅವರ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು. ಮರುವರ್ಷ ಅದೇ ಸಂಘ ಮುಖ್ಯ ನ್ಯಾಯಮೂರ್ತಿ ವಿಲಿಯಂ ಹೊವಾರ್ಡ್ ಟಾಫ್ಟ್ ನೇತೃತ್ವದಲ್ಲಿ ಸಮಿತಿ ರಚಿಸಿತು. 1924ರಲ್ಲಿ ಬಂದ ನ್ಯಾಯಾಧೀಶರ ನೀತಿಸಂಹಿತೆ ಅದರ ಫಲ. ಇಲ್ಲದಿದ್ದ ನಿಯಮಗಳು ಹುಟ್ಟಲು ಲ್ಯಾಂಡಿಸ್ ಹೀಗೆ ಕಾರಣರಾದರು.

ಕೂಗು ಅಡಗಿದ ಮೇಲೆ, 1922ರ ಮಾರ್ಚ್ 1ರಿಂದ ಜಾರಿಗೆ ಬರುವಂತೆ ಅವರು ರಾಜೀನಾಮೆ ಕೊಟ್ಟರು. ದಿನದಲ್ಲಿ ಸಾಕಷ್ಟು ಗಂಟೆಗಳಿಲ್ಲ ಎಂಬುದು ಅವರು ಕೊಟ್ಟ ಕಾರಣ. ಕೊನೆಯ ಪ್ರಕರಣದಲ್ಲಿ ಮನರಂಜನಾ ತೆರಿಗೆ ತಪ್ಪಿಸಿದ ಇಬ್ಬರು ಚಿತ್ರಮಂದಿರದ ಮಾಲೀಕರಿದ್ದರು. ಬಾಕಿ ಕಟ್ಟಲು ಒಲ್ಲೆನೆಂದವನಿಗೆ 5,000 ಡಾಲರ್ ದಂಡ, ಕಟ್ಟಲು ಮುಂದಾದವನಿಗೆ ಒಂದು ಸೆಂಟ್.

ಬೇಸ್‌ಬಾಲ್ ಪೀಠದಲ್ಲಿ ಅವರು 1944ರ ನವೆಂಬರ್ 25ರಂದು ತೀರಿಕೊಳ್ಳುವವರೆಗೂ ಇದ್ದರು. ಅಷ್ಟೂ ಕಾಲ ದೊಡ್ಡ ಲೀಗುಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಆ ತಡೆ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೈದಾನಕ್ಕಿಳಿದದ್ದು 1947ರಲ್ಲಿ. ಇದರಲ್ಲಿ ಲ್ಯಾಂಡಿಸ್ ಪಾಲು ಎಷ್ಟು, ಮಾಲೀಕರ ಪಾಲು ಎಷ್ಟು ಎಂಬ ಚರ್ಚೆ ನಡೆದೇ ಇದೆ, ಆದರೆ ಎಲ್ಲ ಅಧಿಕಾರವನ್ನೂ ಕೇಳಿ ಪಡೆದವರು ಇದೊಂದರಲ್ಲಿ ಹೊಣೆಯಿಲ್ಲವೆನ್ನಲು ಆಗದು. 2020ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಫಲಕದಿಂದ ಅವರ ಹೆಸರನ್ನು ತೆಗೆಯಲಾಯಿತು. 1931ರಲ್ಲಿ ತಂಡದ ಮಾಲೀಕರೊಬ್ಬರು ಅವರ ಅಧಿಕಾರವನ್ನು ಷಿಕಾಗೋದ ಅದೇ ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದುಂಟು. ಮಾಲೀಕರು ತಾವಾಗಿಯೇ ಅವರಿಗೆ ಸದಾಶಯದ ಸರ್ವಾಧಿಕಾರಿಯ, ಮನೆಯ ಯಜಮಾನನ ಅಧಿಕಾರ ಕೊಟ್ಟಿದ್ದಾರೆ ಎಂದು ನ್ಯಾಯಾಲಯ ಲ್ಯಾಂಡಿಸ್ ಪರವಾಗಿಯೇ ಹೇಳಿತು.

ಇನ್ನು ಆ ಎಂಟು ಆಟಗಾರರು. 1921ರ ಆಗಸ್ಟ್ 2ರಂದು ಷಿಕಾಗೋದ ಜ್ಯೂರಿ ವಿಚಾರಣೆಗೆ ಬಂದವರೆಲ್ಲರನ್ನೂ ಖುಲಾಸೆ ಮಾಡಿತು. ಮರುದಿನವೇ ಲ್ಯಾಂಡಿಸ್, ಜ್ಯೂರಿ ಏನೇ ಹೇಳಿರಲಿ ಎಂದು ಸಾರಿ, ಎಂಟೂ ಮಂದಿಯನ್ನು ಶಾಶ್ವತವಾಗಿ ಹೊರಹಾಕಿದರು. ಅವರಲ್ಲಿ ಬಕ್ ವೀವರ್ ಹಣ ಮುಟ್ಟಿರಲಿಲ್ಲ, ಮೈದಾನದಲ್ಲಿ ಚೆನ್ನಾಗಿಯೇ ಆಡಿದ್ದರು; ಸಂಚಿನ ಮಾತು ಕಿವಿಗೆ ಬಿದ್ದರೂ ತಂಡಕ್ಕೆ ತಿಳಿಸಲಿಲ್ಲ ಎಂಬುದಷ್ಟೇ ತಪ್ಪು. ಲ್ಯಾಂಡಿಸ್ ಲೆಕ್ಕದಲ್ಲಿ ಅದೇ ಸಾಕಾಗಿತ್ತು. ವೀವರ್ ಮತ್ತೆ ಮತ್ತೆ ಮನವಿ ಸಲ್ಲಿಸಿ, ಯಾವುದೂ ಫಲಿಸದೆ, 1956ರಲ್ಲಿ ಷಿಕಾಗೋದಲ್ಲಿ ಸತ್ತರು. ತೀರಿಕೊಂಡ ಆಟಗಾರರ ಹೆಸರುಗಳನ್ನು ನಿಷೇಧದ ಪಟ್ಟಿಯಿಂದ ತೆಗೆಯಬೇಕೆಂದು ಬೇಸ್‌ಬಾಲ್‌ನ ಈಗಿನ ಕಮಿಷನರ್ 2025ರ ಮೇ ತಿಂಗಳಲ್ಲಿ ಆದೇಶಿಸಿದಾಗ ಆ ಎಂಟೂ ಹೆಸರುಗಳು ಅದರಿಂದ ಹೊರಬಂದವು.